ನೋವಿಲ್ಲದೆ ಊದಿದ ಪಾದ: ಮಧುಮೇಹಿಗಳ ಮನೆಯವರು ತಿಳಿದಿರಬೇಕಾದದ್ದು

ಪ್ರಶ್ನೆ: ನಮ್ಮ ತಂದೆಯವರಿಗೆ 63 ವರ್ಷ. ರಾಜಾಜಿನಗರದಲ್ಲಿ ನಮ್ಮ ಜೊತೆಗೇ ಇದ್ದಾರೆ. ಸಕ್ಕರೆ ಕಾಯಿಲೆ ಬಂದು ಹದಿನೆಂಟು ವರ್ಷವಾಯಿತು. ಈಚೆಗೆ ಮಾತ್ರೆಗಳ ಜೊತೆ ಇನ್ಸುಲಿನ್ ಕೂಡ ತೆಗೆದುಕೊಳ್ಳುತ್ತಾರೆ. ಮೂರು ವಾರಗಳಿಂದ ಅವರ ಎಡಪಾದ ಊದಿ ಕೆಂಪಾಗಿದೆ, ಮುಟ್ಟಿದರೆ ಬಿಸಿ. ಗಾಯವೇನೂ ಇಲ್ಲ, ಹೇಳಿಕೊಳ್ಳುವಂಥ ನೋವೂ ಇಲ್ಲ. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಎರಡು ಸಲ ಆಂಟಿಬಯಾಟಿಕ್ ಕೊಟ್ಟರೂ ಊತ ಇಳಿದಿಲ್ಲ. ಬಲಪಾದದ ಹೆಬ್ಬೆರಳಿನ ಬುಡದಲ್ಲಿ, ಅಂಗಾಲಿನ ಕಡೆ, ಹಳೆಯ ಆಣಿಯೊಂದಿದ್ದು ಅದರ ನಡುವೆ ಈಗ ಕಪ್ಪು ಚುಕ್ಕೆ ಕಾಣಿಸುತ್ತಿದೆ. ಅವರು ಎಂದಿನಂತೆ ಬೆಳಗಿನ ವಾಕಿಂಗ್ ಹೋಗುತ್ತಾರೆ. ಶಿವರಾತ್ರಿಗೆ ಧರ್ಮಸ್ಥಳಕ್ಕೆ ಪಾದಯಾತ್ರೆ ಹೊರಡುವ ಗುಂಪಿಗೆ ಹೆಸರನ್ನೂ ಕೊಟ್ಟಿದ್ದಾರೆ. ಇದು ಗಂಭೀರವೇ? ಸಕ್ಕರೆ ಕಾಯಿಲೆಯವರ ಕಾಲಿಗೆ ಗಾಯವಾದರೆ ಕೊನೆಗೆ ಕಾಲು ತೆಗೆಯಲೇಬೇಕಾಗುತ್ತದೆ ಎನ್ನುವುದು ನಿಜವೇ? ಮನೆಯವರಾಗಿ ನಾವು ಏನನ್ನು ಗಮನಿಸುತ್ತಿರಬೇಕು?

ಉತ್ತರ: ನಿಮ್ಮ ಪ್ರಶ್ನೆಗಳಿಗೆ ಒಂದೊಂದಾಗಿ ಉತ್ತರಿಸುವ ಮೊದಲು ಮನೆಯಲ್ಲಿ ಇಂದೇ ಆಗಬೇಕಾದ ಕೆಲಸವೊಂದಿದೆ. ನಿಮ್ಮ ತಂದೆಯವರು ಎಡಪಾದದ ಮೇಲೆ ಭಾರ ಬಿಡುವುದನ್ನು ನಿಲ್ಲಿಸಬೇಕು. ಬೆಳಗಿನ ನಡಿಗೆ, ಮೆಟ್ಟಿಲು ಹತ್ತುವುದು, ಹಾಲಿನ ಅಂಗಡಿಯವರೆಗೆ ಹೋಗಿ ಬರುವುದು, ಇವೆಲ್ಲ ಸದ್ಯಕ್ಕೆ ಬೇಡ. ಸ್ನಾನಕ್ಕೂ ಶೌಚಕ್ಕೂ ಹೋಗುವಾಗ ವಾಕರ್ ಅಥವಾ ಗಾಲಿಕುರ್ಚಿಯ ಆಸರೆ ಇರಲಿ. ಪಾದವನ್ನು ಕಣ್ಣಾರೆ ಕಾಣದೆ, ಕೈಯಿಂದ ಮುಟ್ಟದೆ ಇಂಥದೇ ಕಾಯಿಲೆ ಎಂದು ಹೇಳುವುದು ವೈದ್ಯರಿಗೆ ಸಲ್ಲದು. ಆದರೂ ದೀರ್ಘಕಾಲದ ಮಧುಮೇಹವಿರುವವರಲ್ಲಿ ಒಂದೇ ಪಾದ ಊದಿ, ಕೆಂಪಾಗಿ, ಬಿಸಿಯಾಗಿ, ಚರ್ಮ ಎಲ್ಲಿಯೂ ಒಡೆಯದೆ, ಆ ಊತಕ್ಕೆ ತಕ್ಕ ನೋವೂ ಇಲ್ಲದೆ, ಆಂಟಿಬಯಾಟಿಕ್‌ಗೂ ಬಗ್ಗದೆ ಇದ್ದರೆ, ಅದು ಶಾರ್ಕೊ ಪಾದ, ಅಂದರೆ ಅರಿವಿಲ್ಲದ ಪಾದದ ಮೂಳೆ, ಕೀಲುಗಳು ಒಳಗೊಳಗೇ ಕುಸಿಯುವ ಕಾಯಿಲೆ ಎಂದೇ ಭಾವಿಸಿ ನಡೆದುಕೊಳ್ಳಬೇಕು; ಅಲ್ಲವೆಂದು ಪರೀಕ್ಷೆಗಳು ತೋರಿಸಿದ ಮೇಲೆ ಆ ಶಂಕೆಯನ್ನು ಕೈಬಿಡಬಹುದು. ಶಂಕೆ ಸುಳ್ಳಾದರೆ ಕೆಲವು ದಿನ ಸುಮ್ಮನೆ ಕುಳಿತಂತಾಗುತ್ತದೆ, ಅಷ್ಟೇ. ಶಂಕೆ ನಿಜವಾಗಿದ್ದು ಅವರು ನಡೆದಾಡುತ್ತಲೇ ಇದ್ದರೆ ಪಾದದ ಆಕಾರವೇ ಶಾಶ್ವತವಾಗಿ ಕೆಡಬಹುದು.

ನೋವಿಲ್ಲ ಎಂಬ ಮಾತನ್ನು ಮನೆಯವರು ಸಾಮಾನ್ಯವಾಗಿ ಸಮಾಧಾನದ ಮಾತಾಗಿ ಕೇಳಿಸಿಕೊಳ್ಳುತ್ತಾರೆ. ಮಧುಮೇಹಿಯ ಪಾದದ ವಿಷಯದಲ್ಲಿ ಅದು ನನಗೆ ಆತಂಕದ ಮಾತು. ರಕ್ತದಲ್ಲಿ ವರ್ಷಗಟ್ಟಲೆ ಹೆಚ್ಚಾಗಿಯೇ ಉಳಿದ ಸಕ್ಕರೆಯು ದೇಹದ ಅತಿ ಉದ್ದದ ನರಗಳನ್ನು, ಅಂದರೆ ಬೆನ್ನಿನ ಕೆಳಭಾಗದಿಂದ ಕಾಲ್ಬೆರಳ ತುದಿಯವರೆಗೆ ಇಳಿಯುವ ನರಗಳನ್ನು, ಮೊದಲು ಹಾಳುಮಾಡುತ್ತದೆ. ಸ್ಪರ್ಶ, ನೋವು, ಬಿಸಿ, ತಂಪುಗಳ ಅರಿವು ಬೆರಳುಗಳಿಂದ ಆರಂಭವಾಗಿ ಮೇಲಕ್ಕೆ ಕುಗ್ಗುತ್ತ ಬರುತ್ತದೆ. ಪಾದದ ಒಳಗಿನ ಸಣ್ಣ ಸ್ನಾಯುಗಳನ್ನು ನಿಯಂತ್ರಿಸುವ ನರಗಳೂ ಸೊರಗುವುದರಿಂದ ಬೆರಳುಗಳು ಕೊಕ್ಕೆಯಂತೆ ಬಾಗಿ, ಅಂಗಾಲಿನ ಮುಂಭಾಗದ ಮೇಲೆ ಒತ್ತಡ ಹೆಚ್ಚುತ್ತದೆ. ಬೆವರಿನ ನರಗಳು ಸೋತರೆ ಚರ್ಮ ಒಣಗಿ ಹಿಮ್ಮಡಿ ಬಿರಿಯುತ್ತದೆ. ಕೆಲವರಿಗೆ ರಾತ್ರಿ ಹೊತ್ತು ಪಾದ ಉರಿಯುತ್ತದೆ, ಇರುವೆ ಹರಿದಂತಾಗುತ್ತದೆ. ಉರಿಯುವ ಕಾಲಿನಲ್ಲಿ ಸ್ಪರ್ಶಜ್ಞಾನ ಇದ್ದೇ ಇರುತ್ತದೆ ಎಂದು ತಿಳಿಯಬಾರದು, ಉರಿಯೂ ಜೋಮೂ ಒಂದೇ ಪಾದದಲ್ಲಿ ಇರಬಲ್ಲವು. ಇನ್ನೊಂದು ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಮೆಟ್‌ಫಾರ್ಮಿನ್ ಮಾತ್ರೆಯನ್ನು ಬಹುಕಾಲ ತೆಗೆದುಕೊಂಡವರಲ್ಲಿ ವಿಟಮಿನ್ ಬಿ12 ಕಡಿಮೆಯಾಗಿ ನರಗಳ ತೊಂದರೆ ಹೆಚ್ಚುವುದುಂಟು, ಆದ್ದರಿಂದ ಅದನ್ನು ಒಮ್ಮೆ ರಕ್ತಪರೀಕ್ಷೆಯಲ್ಲಿ ನೋಡಿಸುವುದು ಒಳ್ಳೆಯದು. ಕೊರತೆಯಿಲ್ಲದವರು ನರಕ್ಕೆ ಶಕ್ತಿ ಬರಲೆಂದು ಇಂಜೆಕ್ಷನ್ ಮೇಲೆ ಇಂಜೆಕ್ಷನ್ ಹಾಕಿಸಿಕೊಂಡರೆ ಹೋದ ಸ್ಪರ್ಶ ಮರಳುವುದಿಲ್ಲ.

ಈಗ ಎಡಪಾದದ ವಿಷಯಕ್ಕೆ ಬರೋಣ. ಫ್ರಾನ್ಸಿನ ನರರೋಗ ತಜ್ಞ ಜ್ಯಾಂ ಮಾರ್ಟಿನ್ ಶಾರ್ಕೊ 1868ರಲ್ಲಿ ಸಿಫಿಲಿಸ್ ರೋಗದಿಂದ ನರಹಾನಿಯಾದವರ ಕೀಲುಗಳು ನುಚ್ಚುನೂರಾಗುವುದನ್ನು ವಿವರಿಸಿದ. ಮಧುಮೇಹದಲ್ಲಿಯೂ ಹೀಗಾಗುತ್ತದೆ ಎಂಬುದನ್ನು 1936ರಲ್ಲಿ ಅಮೆರಿಕದ ವೈದ್ಯ ವಿಲಿಯಂ ಜೋರ್ಡನ್ ಗುರುತಿಸಿದ. ಇಂದು ಲೋಕದಲ್ಲಿ ಈ ಪಾದಕ್ಕೆ ಮುಖ್ಯ ಕಾರಣ ಮಧುಮೇಹವೇ. ಅರಿವಿಲ್ಲದ ಪಾದ ಎಲ್ಲಿಯೋ ಸ್ವಲ್ಪ ಉಳುಕುತ್ತದೆ, ಅಥವಾ ಕೂದಲೆಳೆಯಷ್ಟು ಬಿರುಕು ಮೂಳೆಯಲ್ಲಿ ಮೂಡುತ್ತದೆ. ನೋವು ಗೊತ್ತಾಗದ ಕಾರಣ ವ್ಯಕ್ತಿ ನಡೆಯುತ್ತಲೇ ಇರುತ್ತಾನೆ. ಪೆಟ್ಟಾದ ಜಾಗಕ್ಕೆ ರಕ್ತ ನುಗ್ಗುತ್ತದೆ, ಉರಿಯೂತ ಹತೋಟಿ ಮೀರುತ್ತದೆ, ಮೂಳೆಯನ್ನು ಕರಗಿಸುವ ಜೀವಕೋಶಗಳು ಚುರುಕಾಗುತ್ತವೆ. ಹೀಗೆ ಮೆತ್ತಗಾದ ಮೂಳೆಗಳ ಮೇಲೆ ದೇಹದ ಭಾರ ಬೀಳುವುದೆಂದರೆ ಮಳೆಯಲ್ಲಿ ನೆನೆದ ಹಸಿ ಮಣ್ಣಿನ ಗೋಡೆಯ ಮೇಲೆ ಅಟ್ಟ ಕಟ್ಟಿದಂತೆ. ಪಾದದ ನಡುವಿನ ಕೀಲುಗಳು ಜಾರುತ್ತವೆ, ಮೂಳೆಗಳು ಮುರಿಯುತ್ತವೆ, ಕಮಾನು ಕುಸಿದು ಅಂಗಾಲು ದೋಣಿಯ ತಳದಂತೆ ಉಬ್ಬುತ್ತದೆ. ಆ ಉಬ್ಬಿನ ಮೇಲೆ ಏಳುವ ಹುಣ್ಣು ವಾಸಿಯಾಗುವುದು ಬಹಳ ಕಷ್ಟ.

ಎಕ್ಸ್‌ರೇ ಸರಿಯಾಗಿದೆ ಎಂಬುದರಿಂದ ನೆಮ್ಮದಿ ಪಡಬೇಡಿ. ಶಾರ್ಕೊ ಪಾದದ ಆರಂಭದ ವಾರಗಳಲ್ಲಿ ಎಕ್ಸ್‌ರೇ ಸರಿಯಾಗಿಯೇ ಕಾಣಬಹುದು, ಹಾಗೆ ಕಾಣುವ ಕಾಲವೇ ಚಿಕಿತ್ಸೆ ಹೆಚ್ಚು ಫಲಿಸುವ ಕಾಲ. ಎಂಆರ್‌ಐ ಸ್ಕ್ಯಾನಿನಲ್ಲಿ ಮೂಳೆಯೊಳಗಿನ ನೀರೂತ ಆಗಲೇ ಕಾಣುತ್ತದೆ. ಇದನ್ನು ಸೋಂಕೆಂದೋ, ಗೌಟ್ ಎಂದೋ, ಉಳುಕೆಂದೋ, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತವೆಂದೋ ತಿಳಿಯುವುದು ತೀರ ಸಾಮಾನ್ಯ, ಅವುಗಳನ್ನು ಪರೀಕ್ಷೆಯಿಂದ ತಳ್ಳಿಹಾಕಲೂ ಬೇಕು. ನಿಮ್ಮ ವೈದ್ಯರು ಆಂಟಿಬಯಾಟಿಕ್ ಕೊಟ್ಟದ್ದನ್ನು ನಾನು ಆಕ್ಷೇಪಿಸುವುದಿಲ್ಲ. ಕೆಂಪಗೆ ಬಿಸಿಯಾಗಿ ಊದಿದ ಪಾದಕ್ಕೆ ಸೋಂಕಿನ ಶಂಕೆ ಸಹಜ. ಆದರೆ ಮಧುಮೇಹಿಯ ಪಾದದ ಮೂಳೆಗೆ ಸೋಂಕು ತಲುಪುವುದು ಬಹುಪಾಲು ಚರ್ಮದ ಹುಣ್ಣಿನ ದಾರಿಯಿಂದಲೇ. ಹುಣ್ಣು, ಬಿರುಕು, ಬೆರಳ ಸಂದಿನ ಕೊಳೆತ ಯಾವುದೂ ಇಲ್ಲದಿದ್ದರೆ, ಜ್ವರವೂ ಇಲ್ಲದಿದ್ದರೆ, ಎರಡನೆಯ ಬಾರಿ ಅದೇ ಔಷಧ ಬರೆಯುವ ಮೊದಲು ಬೇರೆ ಕಾರಣವನ್ನು ಯೋಚಿಸಬೇಕಿತ್ತು. ಮಲಗಿಸಿ ಕಾಲನ್ನು ಎದೆಯ ಮಟ್ಟಕ್ಕಿಂತ ಮೇಲೆ ಐದು ಹತ್ತು ನಿಮಿಷ ಎತ್ತಿ ಹಿಡಿದಾಗ ಕೆಂಪು ಬಣ್ಣ ತಗ್ಗಿದರೆ ಶಾರ್ಕೊ ಪಾದದ ಕಡೆಗೆ ಬೆರಳು ತೋರಿಸುತ್ತದೆ, ಚರ್ಮದ ಸೋಂಕಿನ ಕೆಂಪು ಅಷ್ಟು ಸುಲಭವಾಗಿ ತಗ್ಗದು. ಇದು ಒಂದು ಸುಳಿವು ಮಾತ್ರ, ಇದನ್ನೇ ನೆಚ್ಚಿ ತೀರ್ಮಾನಕ್ಕೆ ಬರಬೇಡಿ.

ಚಿಕಿತ್ಸೆ ಏನೆಂದರೆ ಪಾದವನ್ನು ಅಲುಗಾಡದಂತೆ ಕಟ್ಟಿ ಅದರ ಭಾರ ಇಳಿಸುವುದು. ಮೊಣಕಾಲಿನ ಕೆಳಗಿನಿಂದ ಬೆರಳುಗಳವರೆಗೆ ಕಾಲಿನ ಆಕಾರಕ್ಕೆ ಅಚ್ಚಾಗಿ ಕೂರುವ ಪ್ಲಾಸ್ಟರ್ ಹಾಕುತ್ತಾರೆ, ಇಲ್ಲವೇ ಅದೇ ಎತ್ತರದ ವಿಶೇಷ ಬೂಟನ್ನು ತೊಡಿಸುತ್ತಾರೆ. ಊತ ಇಳಿದಂತೆ ಪ್ಲಾಸ್ಟರ್ ಸಡಿಲವಾಗಿ ಚರ್ಮಕ್ಕೆ ಉಜ್ಜುವುದರಿಂದ ಮೊದಮೊದಲು ಅದನ್ನು ಕೆಲವೇ ದಿನಗಳಲ್ಲಿ ಬಿಚ್ಚಿ ಹೊಸದಾಗಿ ಹಾಕಬೇಕಾಗುತ್ತದೆ. ಆ ದಿನಾಂಕವನ್ನು ತಪ್ಪಿಸಬಾರದು. ಬಿಚ್ಚಿಡಬಹುದಾದ ಬೂಟನ್ನು ಕೊಟ್ಟರೆ ಬಹಳಷ್ಟು ಮಂದಿ ಮನೆಯೊಳಗೆ ಅದನ್ನು ಕಳಚಿಟ್ಟು ಓಡಾಡುತ್ತಾರೆ, ದಿನದ ಹೆಚ್ಚಿನ ಹೆಜ್ಜೆಗಳು ಮನೆಯೊಳಗೇ ಬೀಳುವುದರಿಂದ ಚಿಕಿತ್ಸೆ ವ್ಯರ್ಥವಾಗುತ್ತದೆ. ಅದಕ್ಕೇ ಬಿಚ್ಚಲು ಬಾರದ ಕಟ್ಟನ್ನೇ ನಾನು ಮೆಚ್ಚುತ್ತೇನೆ. ಎರಡು ಪಾದಗಳ ಉಷ್ಣತೆಯನ್ನು ಪ್ರತಿ ಭೇಟಿಯಲ್ಲಿ ಅಳೆದು, ಅಂತರ ತಗ್ಗಿ ಸ್ಥಿರವಾಗಿ, ಚಿತ್ರಗಳಲ್ಲಿ ಮೂಳೆ ಕೂಡಿಕೊಂಡದ್ದು ಕಂಡಮೇಲೆ ಕಟ್ಟು ತೆಗೆಯುತ್ತಾರೆ. ಇದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಆರು ತಿಂಗಳು ಅಥವಾ ಅದಕ್ಕೂ ಹೆಚ್ಚು ಆಗಬಹುದೆಂದು ತಂದೆಯವರಿಗೆ ಮೊದಲೇ ಹೇಳಿಬಿಡಿ, ಹದಿನೈದು ದಿನವೆಂದು ನಂಬಿಸಿ ಆಮೇಲೆ ದಿನ ಮುಂದೂಡಿದರೆ ಅವರ ವಿಶ್ವಾಸ ಉಳಿಯುವುದಿಲ್ಲ. ಒಂದು ಕಾಲು ಪ್ಲಾಸ್ಟರಿನ ದಪ್ಪದಿಂದ ಎತ್ತರವಾಗುವುದರಿಂದ ಇನ್ನೊಂದು ಕಾಲಿನ ಪಾದರಕ್ಷೆಗೂ ಅಷ್ಟೇ ಎತ್ತರ ಕೊಡಿಸಿ. ಬಚ್ಚಲಿನಲ್ಲಿ ಹಿಡಿಕೆ, ಕುಳಿತು ಸ್ನಾನ ಮಾಡಲು ಪ್ಲಾಸ್ಟಿಕ್ ಕುರ್ಚಿ, ನೆಲಮಟ್ಟದ ಶೌಚಾಲಯವಿದ್ದರೆ ಕಮೋಡ್ ಕುರ್ಚಿ, ಇಷ್ಟನ್ನು ಪ್ಲಾಸ್ಟರ್ ಹಾಕಿಸುವ ಮುನ್ನವೇ ಸಿದ್ಧಮಾಡಿಕೊಳ್ಳಿ.

ಅರಿವಿಲ್ಲದ ಪಾದವನ್ನು ಹೀಗೆ ಕಾಪಾಡುವ ವಿದ್ಯೆಯ ದೊಡ್ಡ ಪಾಲು ನಮ್ಮ ಪಕ್ಕದ ವೆಲ್ಲೂರಿನಲ್ಲಿ ಬೆಳೆದದ್ದು ಎಂಬುದನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗುತ್ತಿಲ್ಲ. 1946ರಲ್ಲಿ ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್, ಕುಷ್ಠರೋಗಿಗಳ ಬೆರಳುಗಳು ರೋಗದಿಂದ ತಾವಾಗಿಯೇ ಉದುರುವುದಿಲ್ಲ, ನೋವು ತಿಳಿಯದೆ ದಿನವೂ ಆಗುವ ಒತ್ತಡ ಮತ್ತು ಪೆಟ್ಟುಗಳಿಂದ ಸವೆದು ಹೋಗುತ್ತವೆ ಎಂಬುದನ್ನು ತೋರಿಸಿದರು. ಅಮೆರಿಕಕ್ಕೆ ಹೋದ ಮೇಲೆ ಅವರು ಅದೇ ತಿಳಿವಳಿಕೆಯನ್ನು ಮಧುಮೇಹಿಗಳ ಪಾದಗಳಿಗೂ ಅನ್ವಯಿಸಿದರು. ಇಂದು ನಮ್ಮ ಮಧುಮೇಹ ಚಿಕಿತ್ಸಾಲಯಗಳಲ್ಲಿ ಬರೆದುಕೊಡುವ ಎಂಸಿಆರ್ ಚಪ್ಪಲಿ, ಅಂದರೆ ಸೂಕ್ಷ್ಮ ರಂಧ್ರಗಳ ಮೆತ್ತನೆಯ ರಬ್ಬರಿನ ಚಪ್ಪಲಿ, ಕುಷ್ಠರೋಗದ ಆರೈಕೆಯಿಂದಲೇ ಬಂದದ್ದು. ಆ ಚಪ್ಪಲಿಯನ್ನು ಕೆಲವರು ರೋಗಿಯ ಗುರುತೆಂದು ನಾಚಿಕೆಪಟ್ಟು ಹಾಕುವುದಿಲ್ಲ. ಈಗ ಅದು ಸಾಧಾರಣ ಸ್ಯಾಂಡಲ್‌ನಂತೆಯೇ ಕಾಣುವ ಮಾದರಿಗಳಲ್ಲಿ ಸಿಗುತ್ತದೆ.

ಬಲಪಾದದ ಆಣಿಯನ್ನು ನೀವು ಕೊನೆಯಲ್ಲಿ, ಸಣ್ಣ ವಿಷಯವೆಂಬಂತೆ ಬರೆದಿದ್ದೀರಿ. ನನಗೆ ಅದೂ ಎಡಪಾದದಷ್ಟೇ ತುರ್ತಿನದು. ಜಡ್ಡುಗಟ್ಟಿದ ಚರ್ಮದ ಒಳಗೆ ಕಾಣುವ ಕಪ್ಪು ಅಥವಾ ಕಂದು ಚುಕ್ಕೆ ಸಾಮಾನ್ಯವಾಗಿ ಅಲ್ಲಿ ರಕ್ತ ಒಸರಿದ್ದರ ಗುರುತು. ಗಟ್ಟಿ ಚರ್ಮವು ಅಂಗಾಲಿನ ಅಡಿಯಲ್ಲಿ ಸಿಕ್ಕಿಕೊಂಡ ಕಲ್ಲಿನಂತೆ ಒಳಗಿನ ಮಾಂಸವನ್ನು ಒತ್ತುತ್ತ ಹೋಗಿ, ಮೇಲೆ ಮುಚ್ಚಿದಂತೆ ಕಂಡರೂ ಅಡಿಯಲ್ಲಿ ಹುಣ್ಣು ಆಗಲೇ ಆಗಿರಬಹುದು. ಇದನ್ನು ತರಬೇತಿ ಪಡೆದವರು ಶಸ್ತ್ರಚಿಕಿತ್ಸೆಯ ಬ್ಲೇಡಿನಿಂದ ಪದರಪದರವಾಗಿ ಕೆತ್ತಿ ತೆಗೆದಾಗಲೇ ಕೆಳಗೆ ಏನಿದೆಯೆಂದು ತಿಳಿಯುವುದು. ಔಷಧದ ಅಂಗಡಿಯಲ್ಲಿ ಸಿಗುವ ಕಾರ್ನ್ ಕ್ಯಾಪ್ ಅಂಟಿಸಲು ಬಿಡಬೇಡಿ, ಅದರಲ್ಲಿರುವ ಸ್ಯಾಲಿಸಿಲಿಕ್ ಆಮ್ಲ ಒಳ್ಳೆಯ ಚರ್ಮವನ್ನೂ ಸುಡುತ್ತದೆ, ಸುಟ್ಟದ್ದು ಅವರಿಗೆ ತಿಳಿಯುವುದಿಲ್ಲ. ಮನೆಯಲ್ಲಿ ಶೇವಿಂಗ್ ಬ್ಲೇಡಿನಿಂದ ಕೊಯ್ಯುವುದು, ಕಲ್ಲಿನಿಂದ ಜೋರಾಗಿ ತಿಕ್ಕುವುದು, ಬಿಸಿನೀರಿನಲ್ಲಿ ನೆನೆಸುವುದು ಯಾವುದೂ ಬೇಡ. ಇನ್ನೊಂದು ತೊಡಕೂ ಇದೆ: ಎಡಪಾದದ ಭಾರವನ್ನು ಇಳಿಸಿದಷ್ಟೂ ಬಲಪಾದ ಹೆಚ್ಚು ಭಾರ ಹೊರುತ್ತದೆ. ಆದ್ದರಿಂದ ಎಡಗಾಲಿಗೆ ಕಟ್ಟು ಹಾಕುವವರಿಗೆ ಬಲಗಾಲನ್ನೂ ತೋರಿಸಿ, ಎರಡಕ್ಕೂ ಒಂದೇ ದಿನ ವ್ಯವಸ್ಥೆಯಾಗುವಂತೆ ಕೇಳಿ.

ರಕ್ತ ಸಂಚಾರದ ಪರೀಕ್ಷೆ ಆಗಿದೆಯೇ ಎಂಬುದನ್ನು ನೀವು ಬರೆದಿಲ್ಲ. ಪಾದದ ಮೇಲ್ಭಾಗದಲ್ಲಿ ಒಂದು, ಒಳಗಿನ ಹರಡಿನ ಹಿಂದೆ ಒಂದು ನಾಡಿ ಸಿಗಬೇಕು. ಕೈಯ ರಕ್ತದೊತ್ತಡಕ್ಕೆ ಹೋಲಿಸಿ ಕಾಲಿನ ರಕ್ತದೊತ್ತಡವನ್ನು ಡಾಪ್ಲರ್‌ನಿಂದ, ಅಂದರೆ ಶಬ್ದತರಂಗದಿಂದ ರಕ್ತದ ಹರಿವನ್ನು ತಿಳಿಯುವ ಉಪಕರಣದಿಂದ, ಅಳೆಯುತ್ತಾರೆ. ಆ ಅನುಪಾತ 0.9ಕ್ಕಿಂತ ಕಡಿಮೆಯಿದ್ದರೆ ರಕ್ತನಾಳ ಕಿರಿದಾಗಿದೆ ಎಂದರ್ಥ. ಮಧುಮೇಹದಲ್ಲಿ ರಕ್ತನಾಳದ ಗೋಡೆಗೆ ಸುಣ್ಣದಂಶ ಕೂಡಿ ಅದು ಗಡುಸಾಗುವುದರಿಂದ ಈ ಅಂಕಿ ಸುಳ್ಳಾಗಿ ಸರಿಯೆಂದೋ ಹೆಚ್ಚೆಂದೋ ಬರಬಹುದು, ಅಂಥ ಸಂದರ್ಭದಲ್ಲಿ ಹೆಬ್ಬೆರಳಿನ ರಕ್ತದೊತ್ತಡವನ್ನು ಅಳೆದು ನೋಡಬೇಕು. ಸ್ವಲ್ಪ ದೂರ ನಡೆದರೆ ಮೀನಖಂಡ ಹಿಡಿದುಕೊಳ್ಳುವುದು ರಕ್ತ ಸಾಲದಿರುವುದರ ಪ್ರಸಿದ್ಧ ಲಕ್ಷಣ. ನರಗಳು ಕೆಟ್ಟವರಲ್ಲಿ ಅದೂ ಕಾಣಿಸದೆ ಹೋಗಬಹುದು. ಬೀಡಿ, ಸಿಗರೇಟು ಇದ್ದರೆ ಈ ಪತ್ರ ಓದಿದ ದಿನವೇ ಅದು ಕೊನೆಯಾಗಲಿ.

ಇನ್ನು ಕಾಯಬಾರದ ಲಕ್ಷಣಗಳು. ಬೆರಳು ಕಪ್ಪಾಗುವುದು ಅಥವಾ ನೀಲಿಯಾಗುವುದು. ಪಾದ ಇದ್ದಕ್ಕಿದ್ದಂತೆ ತಣ್ಣಗಾಗಿ ಬಿಳಿಚಿಕೊಳ್ಳುವುದು. ಕೀವು ಅಥವಾ ದುರ್ವಾಸನೆ. ಹುಣ್ಣಿನ ಸುತ್ತ ಕೆಂಪು ಎರಡು ಸೆಂಟಿಮೀಟರಿಗಿಂತ ಹೆಚ್ಚು ಹರಡುವುದು, ಇಲ್ಲವೇ ಕೆಂಪು ಗೆರೆಯಾಗಿ ಮೇಲೆ ಏರುವುದು. ಒತ್ತಿದರೆ ಚರ್ಮದ ಅಡಿಯಲ್ಲಿ ಗಾಳಿಗುಳ್ಳೆಗಳಂತೆ ಚರಚರ ಎನ್ನುವುದು. ಜ್ವರ, ಚಳಿ, ವಾಂತಿ, ಮಂಕು. ಇವುಗಳಲ್ಲಿ ಯಾವುದು ಕಂಡರೂ ಮರುದಿನದ ಅಪಾಯಿಂಟ್‌ಮೆಂಟ್‌ಗೆ ಕಾಯದೆ ಆ ರಾತ್ರಿಯೇ ತುರ್ತು ಚಿಕಿತ್ಸೆಗೆ ಕರೆದೊಯ್ಯಬೇಕು. ಪಾದದ ಆಳದ ಸೋಂಕು ಗಂಟೆಗಳ ಲೆಕ್ಕದಲ್ಲಿ ಹಬ್ಬಬಲ್ಲದು. ಮಧುಮೇಹಿಗಳಲ್ಲಿ ದೊಡ್ಡ ಸೋಂಕಿದ್ದರೂ ಜ್ವರ ಬರದೆ ಇರುವುದುಂಟು. ಊಟ, ಔಷಧ ಎಲ್ಲ ಎಂದಿನಂತಿದ್ದೂ ಶುಗರ್ ಕಾರಣವಿಲ್ಲದೆ ಏರಿದರೆ ಮೊದಲು ಕಾಲುಚೀಲ ಬಿಚ್ಚಿ ನೋಡುವ ಅಭ್ಯಾಸವಿರಲಿ. ಒಂದೇ ಬೆರಳು ಬುಡದಿಂದ ತುದಿಯವರೆಗೆ ಒಂದೇ ದಪ್ಪಕ್ಕೆ ಊದಿ ಕೆಂಪಾಗಿದ್ದರೆ ಒಳಗಿನ ಮೂಳೆಗೆ ಸೋಂಕು ತಗುಲಿರಬಹುದು, ಇದೂ ಎಕ್ಸ್‌ರೇಯಲ್ಲಿ ಕಾಣಲು ಎರಡು ಮೂರು ವಾರ ಹಿಡಿಯುತ್ತದೆ.

ಕಾಲು ತೆಗೆಯಲೇಬೇಕೇ ಎಂಬ ಪ್ರಶ್ನೆಗೆ ನೇರ ಉತ್ತರ, ಇಲ್ಲ. ರಕ್ತ ಸಂಚಾರ ಚೆನ್ನಾಗಿದ್ದು, ಸೋಂಕನ್ನು ಹತೋಟಿಗೆ ತಂದು, ಭಾರವನ್ನು ನಿಜವಾಗಿಯೂ ಇಳಿಸಿದರೆ ಹೆಚ್ಚಿನ ಹುಣ್ಣುಗಳು ಮಾಯುತ್ತವೆ. ಮೂಳೆಗೆ ಸೋಂಕು ತಗುಲಿದ್ದರೂ ಆಯ್ದ ರೋಗಿಗಳಲ್ಲಿ ಸುಮಾರು ಆರು ವಾರದ ಆಂಟಿಬಯಾಟಿಕ್‌ನಿಂದ ಗುಣವಾಗುವುದುಂಟು. ಹಾಗೆಂದು ಭಯ ಪೂರ್ತಿ ಸುಳ್ಳೂ ಅಲ್ಲ. ಮಧುಮೇಹಿಗಳ ಕಾಲು ತೆಗೆಯುವ ಶಸ್ತ್ರಚಿಕಿತ್ಸೆಗಳಲ್ಲಿ ಸುಮಾರು ಶೇ. 85ರಷ್ಟಕ್ಕೆ ಮೊದಲು ಪಾದದಲ್ಲೊಂದು ಹುಣ್ಣು ಇದ್ದೇ ಇತ್ತೆಂದು ಅಧ್ಯಯನಗಳು ಹೇಳುತ್ತವೆ. ಕೆಲವೊಮ್ಮೆ ಕೊಳೆತ ಒಂದು ಬೆರಳನ್ನು ಬೇಗ ತೆಗೆದರೆ ಪಾದ ಉಳಿಯುತ್ತದೆ, ಅದನ್ನು ಸೋಲೆಂದು ತಿಳಿದು ತಡಮಾಡಿದರೆ ಮೊಣಕಾಲಿನವರೆಗೆ ಹೋಗುತ್ತದೆ. ಯಾರಾದರೂ ಪಾದವನ್ನೋ ಕಾಲನ್ನೋ ತೆಗೆಯಬೇಕೆಂದು ಹೇಳಿದಾಗ ಕೇಳಬೇಕಾದ ಪ್ರಶ್ನೆ ಒಂದೇ: ರಕ್ತನಾಳದ ತಜ್ಞರು ನೋಡಿದ್ದಾರೆಯೇ, ಆಂಜಿಯೋಪ್ಲಾಸ್ಟಿ ಅಥವಾ ಬೈಪಾಸ್‌ನಿಂದ ರಕ್ತ ಹರಿಸಲು ಸಾಧ್ಯವೇ? ಜೀವಕ್ಕೇ ಅಪಾಯ ತರುವ ಸೋಂಕು ಏರುತ್ತಿರುವಾಗ ಮಾತ್ರ ಈ ಪ್ರಶ್ನೆಗೆ ಕಾಯುವ ಸಮಯವಿರುವುದಿಲ್ಲ. ಆಂಜಿಯೋಗ್ರಾಮಿಗೆ ಬಳಸುವ ದ್ರವ ಮೂತ್ರಪಿಂಡಕ್ಕೆ ಹೊರೆಯಾಗಬಹುದು, ಆದ್ದರಿಂದ ಕ್ರಿಯಾಟಿನಿನ್ ವರದಿಯನ್ನು ಜೊತೆಗಿಟ್ಟುಕೊಳ್ಳಿ. ಹುಣ್ಣು ಒಮ್ಮೆ ಮಾಯ್ದ ಮೇಲೆಯೂ ಮರುಕಳಿಸುವ ಸಂಭವ ಬಹಳ ಹೆಚ್ಚು. ಒಂದು ವರ್ಷದೊಳಗೆ ಸುಮಾರು ಶೇ. 40 ಮಂದಿಗೆ ಮತ್ತೆ ಹುಣ್ಣಾಗುತ್ತದೆ. ಮಾಯ್ದದ್ದನ್ನು ಗುಣವಾಯಿತೆಂದು ಬಗೆದು ಹಳೆಯ ಚಪ್ಪಲಿಗೆ ಮರಳುವುದೂ ಇದಕ್ಕೆ ಒಂದು ಕಾರಣ.

ಮನೆಯಲ್ಲಿ ಸ್ಪರ್ಶಜ್ಞಾನವನ್ನು ತಿಳಿಯಲು ಸರಳವಾದ ಪರೀಕ್ಷೆಯೊಂದಿದೆ. ಆಸ್ಪತ್ರೆಯಲ್ಲಿ ಹತ್ತು ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯಿಂದ ಇದನ್ನು ನೋಡುತ್ತಾರೆ, ನಿಮ್ಮ ತೋರುಬೆರಳೇ ಸಾಕಾಗುವ ವಿಧಾನ ಇದು. ತಂದೆಯವರು ಕಣ್ಣು ಮುಚ್ಚಿ ಮಲಗಿರಲಿ. ಬಲಪಾದದ ಹೆಬ್ಬೆರಳು, ನಡುಬೆರಳು, ಕಿರುಬೆರಳುಗಳ ತುದಿಯನ್ನು, ಆಮೇಲೆ ಎಡಪಾದದ ಅದೇ ಮೂರು ಬೆರಳ ತುದಿಗಳನ್ನು, ಕ್ರಮ ಬದಲಿಸಿ, ಒಂದೆರಡು ಸೆಕೆಂಡು ಮೃದುವಾಗಿ ಮುಟ್ಟಿ. ಒತ್ತಬಾರದು, ತಟ್ಟಬಾರದು, ಸವರಬಾರದು. ಮುಟ್ಟಿದ್ದು ತಿಳಿದಾಗ ಅವರು ಎಡ ಅಥವಾ ಬಲ ಎನ್ನಬೇಕು. ಹೇಳದಿದ್ದರೆ ಅದೇ ಜಾಗವನ್ನು ಇನ್ನೊಮ್ಮೆ ಮುಟ್ಟಿ ಅವಕಾಶ ಕೊಡಬೇಡಿ. ಆರರಲ್ಲಿ ಎರಡು ಅಥವಾ ಹೆಚ್ಚು ಕಡೆ ತಿಳಿಯದಿದ್ದರೆ ಪಾದವನ್ನು ಕಾಪಾಡುವಷ್ಟು ಸ್ಪರ್ಶ ಉಳಿದಿಲ್ಲವೆಂದು ಎಣಿಸಬೇಕು. ಅಂಥವರ ಪಾದಗಳನ್ನು ಆರರಿಂದ ಹನ್ನೆರಡು ತಿಂಗಳಿಗೊಮ್ಮೆ, ರಕ್ತ ಸಂಚಾರವೂ ಕುಂದಿದ್ದರೆ ಅಥವಾ ಪಾದದ ಆಕಾರ ಕೆಟ್ಟಿದ್ದರೆ ಮೂರರಿಂದ ಆರು ತಿಂಗಳಿಗೊಮ್ಮೆ, ಹಿಂದೆ ಹುಣ್ಣಾಗಿದ್ದವರನ್ನು ಒಂದರಿಂದ ಮೂರು ತಿಂಗಳಿಗೊಮ್ಮೆ ಪರೀಕ್ಷಿಸಬೇಕೆಂದು ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ.

ಪಾದವನ್ನು ದಿನವೂ ಒಂದೇ ಹೊತ್ತಿನಲ್ಲಿ, ಒಳ್ಳೆಯ ಬೆಳಕಿನಲ್ಲಿ ನೋಡಿ. ಇದನ್ನು ಅವರೇ ಮಾಡಿಕೊಳ್ಳಲಿ ಎಂದು ಬಿಡಬೇಡಿ. ದೀರ್ಘಕಾಲದ ಮಧುಮೇಹದಲ್ಲಿ ಕಣ್ಣೂ ಮಂದವಾಗಿರುತ್ತದೆ, ಸೊಂಟ ಬಾಗುವುದಿಲ್ಲ, ಅಂಗಾಲು ಅವರಿಗೆ ಕಾಣುವುದೇ ಇಲ್ಲ. ಅಂಗಾಲು, ಹಿಮ್ಮಡಿಯ ಅಂಚು, ಪ್ರತಿಯೊಂದು ಬೆರಳ ಸಂದು, ಉಗುರಿನ ಮೂಲೆ, ಇಷ್ಟನ್ನು ನೋಡಲು ಎರಡು ನಿಮಿಷ ಸಾಕು. ನಿಮ್ಮ ಕೈಯ ಹಿಂಭಾಗವನ್ನು ಎರಡೂ ಪಾದಗಳ ಅದೇ ಜಾಗಕ್ಕೆ ಇಟ್ಟು ಬಿಸಿಯನ್ನು ಹೋಲಿಸಿ. ಮೇಲ್ಮೈ ಉಷ್ಣತೆ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಇನ್ನೂ ಒಳ್ಳೆಯದು: ಎರಡು ಪಾದಗಳ ಒಂದೇ ಜಾಗದ ಅಂತರ 2.2 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಾಗಿ ಎರಡು ದಿನ ಹಾಗೆಯೇ ಉಳಿದರೆ ನಡಿಗೆ ತಗ್ಗಿಸಿ ವೈದ್ಯರಿಗೆ ತೋರಿಸಬೇಕು. ತೊಳೆದ ಮೇಲೆ ಬೆರಳ ಸಂದುಗಳನ್ನು ಒರೆಸಿ ಒಣಗಿಸಿ. ಹಿಮ್ಮಡಿಗೆ ಯೂರಿಯಾ ಇರುವ ಕ್ರೀಮ್ ಹಚ್ಚಬಹುದು, ಸಂದುಗಳಿಗೆ ಬೇಡ. ಉಗುರನ್ನು ನೇರವಾಗಿ ಕತ್ತರಿಸಿ, ಮೂಲೆಗಳನ್ನು ಕೊರೆಯಬೇಡಿ. ಗಾಯವಾದರೆ ಅರಿಶಿನ, ಕಾಫಿಪುಡಿ, ಸುಣ್ಣ ಏನನ್ನೂ ಮೆತ್ತದೆ ಶುದ್ಧ ನೀರಿನಿಂದ ತೊಳೆದು ಒಣ ಬಟ್ಟೆ ಕಟ್ಟಿ ಕರೆದುಕೊಂಡು ಹೋಗಿ. ಪುಡಿ ಮೆತ್ತಿದ ಗಾಯದ ಆಳ ನಮಗೆ ಕಾಣುವುದಿಲ್ಲ.

ಬೆಂಗಳೂರಿನ ಬದುಕಿನಲ್ಲಿ ಪಾದ ಕೆಡುವ ಸಂದರ್ಭಗಳು ಬೇರೆಯೇ ಇವೆ, ಪಾಶ್ಚಾತ್ಯ ಪುಸ್ತಕಗಳು ಅವುಗಳನ್ನು ಹೇಳುವುದಿಲ್ಲ. ಮಾರ್ಚ್, ಏಪ್ರಿಲ್ ಮಧ್ಯಾಹ್ನ ದೇವಸ್ಥಾನದ ಕಲ್ಲುಹಾಸಿನ ಮೇಲೆ ಬರಿಗಾಲಿನ ಪ್ರದಕ್ಷಿಣೆ ಮಾಡಿ ಅಂಗಾಲು ಪೂರ್ತಿ ಬೊಬ್ಬೆಯೆದ್ದು ಬರುವವರು ಪ್ರತಿ ಬೇಸಿಗೆಯಲ್ಲೂ ಇರುತ್ತಾರೆ, ಮನೆಗೆ ಹೋಗಿ ನೆಲದ ಮೇಲೆ ಒದ್ದೆ ಗುರುತು ಕಂಡ ಮೇಲೆಯೇ ಅವರಿಗೆ ವಿಷಯ ತಿಳಿಯುವುದು. ಬೆಳಗಿನ ತಂಪಿನಲ್ಲಿ, ದಪ್ಪ ಹತ್ತಿಯ ಕಾಲುಚೀಲ ಹಾಕಿಕೊಂಡು ಹೋಗಲಿ. ದೇವರು ಇದಕ್ಕೆ ಮುನಿಯುವುದಿಲ್ಲವೆಂದು ನಾನು ಅರ್ಚಕರಿಂದಲೇ ಹೇಳಿಸಿದ್ದುಂಟು. ಆಟೊ ಮತ್ತು ಹಳೆಯ ಬಸ್ಸಿನ ಎಂಜಿನ್ ಬಳಿಯ ತಗಡಿನ ಶಾಖ, ಸ್ಕೂಟರಿನ ಸೈಲೆನ್ಸರ್, ಡಿಸೆಂಬರ್ ಚಳಿಗೆ ಕಾಲಿಗಿಡುವ ಬಿಸಿನೀರಿನ ಚೀಲ, ಇವೆಲ್ಲ ಅರಿವಿಲ್ಲದ ಪಾದವನ್ನು ಸುಡುತ್ತವೆ. ಸ್ನಾನದ ನೀರನ್ನು ಇನ್ನೊಬ್ಬರು ಮೊಣಕೈಯಿಂದ ಮುಟ್ಟಿ ನೋಡಬೇಕು. ಮಳೆಗಾಲದಲ್ಲಿ ನೆನೆದ ಶೂ ಹಾಕಿಕೊಂಡೇ ಇಡೀ ದಿನ ಕಳೆದರೆ ಬೆರಳ ಸಂದಿನಲ್ಲಿ ಶಿಲೀಂಧ್ರ ಬೆಳೆದು ಸೋಂಕಿಗೆ ಬಾಗಿಲಾಗುತ್ತದೆ. ಮನೆಯ ಹೆಂಗಸರಿಗೂ ಮಧುಮೇಹವಿದ್ದರೆ ಬಿಗಿಯಾದ ಕಾಲುಂಗುರವನ್ನು ಗಮನಿಸಿ, ಬೆರಳು ಊದಿದಾಗ ಅದು ರಕ್ತವನ್ನೇ ತಡೆಯುತ್ತದೆ. ಹವಾಯಿ ಚಪ್ಪಲಿಯ ಪಟ್ಟಿ ಬೆರಳ ಸಂದನ್ನು ಉಜ್ಜುತ್ತದೆ, ಕಾಲಿನಿಂದ ಜಾರಿದರೂ ತಿಳಿಯುವುದಿಲ್ಲ. ಹಿಂದೆ ಪಟ್ಟಿಯಿರುವ, ಮುಂದೆ ಅಗಲವಾದ, ಮೆತ್ತನೆಯ ತಳದ ಪಾದರಕ್ಷೆ ಬೇಕು. ಅದನ್ನು ಪಾದ ಸ್ವಲ್ಪ ಊದಿರುವ ಸಂಜೆಯ ಹೊತ್ತಿನಲ್ಲಿ ಕೊಳ್ಳಿ, ಮನೆಯೊಳಗೂ ಬೇರೆ ಒಂದು ಜೊತೆ ಇಡಿ, ಹಾಕುವ ಮೊದಲು ಒಳಗೆ ಕೈಯಾಡಿಸಿ ಕಲ್ಲು, ಮೊಳೆ ಇಲ್ಲವೆಂದು ಖಚಿತಪಡಿಸಿಕೊಳ್ಳಿ.

ಪಾದಯಾತ್ರೆಯ ವಿಷಯ ನಿಮಗೆ ಮನೆಯಲ್ಲಿ ಎಲ್ಲಕ್ಕಿಂತ ಕಷ್ಟದ ಮಾತಾಗುತ್ತದೆಂದು ಬಲ್ಲೆ. ಬೆಂಗಳೂರಿನಿಂದ ಧರ್ಮಸ್ಥಳ ಸುಮಾರು 300 ಕಿಲೋಮೀಟರ್, ಡಾಂಬರಿನ ಬಿಸಿ, ಘಾಟಿಯ ಇಳಿಜಾರು ಎರಡೂ ಇವೆ. ಎಡಪಾದ ಈಗಿರುವ ಸ್ಥಿತಿಯಲ್ಲಿ ಅವರು ಬಸ್ ನಿಲ್ದಾಣದವರೆಗೂ ನಡೆಯಬಾರದು. ಈ ವರ್ಷ ಹೋಗಲೇಬಾರದು, ಶಾರ್ಕೊ ಪಾದವೆಂದು ದೃಢಪಟ್ಟರೆ ಮುಂದೆಯೂ ಅಷ್ಟು ದೂರದ ನಡಿಗೆ ಬೇಡ. ಹರಕೆಯಿದ್ದರೆ ಕಾರಿನಲ್ಲಿ ಹೋಗಿ ತೀರಿಸಬಹುದು; ಅದನ್ನು ನೀವು ಹೇಳುವುದಕ್ಕಿಂತ ಅವರ ಗುಂಪಿನ ಹಿರಿಯರೊಬ್ಬರಿಂದ ಹೇಳಿಸಿದರೆ ಕೇಳಿಯಾರು.

ತೋರಿಸುವುದೆಲ್ಲಿ ಎಂದರೆ, ಪಾದದ ಚಿಕಿತ್ಸೆಗೆಂದೇ ವಿಭಾಗವಿರುವ ಕಡೆ, ಸಾಧ್ಯವಾದರೆ ನಾಳೆಯೇ. ಸರ್ಕಾರದ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರಿನಾಲಜಿ ಅಂಡ್ ರಿಸರ್ಚ್ ಸಂಸ್ಥೆಯಲ್ಲಿ ಅಂಥ ವಿಭಾಗವಿದೆ. ನಗರದ ದೊಡ್ಡ ಖಾಸಗಿ ಆಸ್ಪತ್ರೆಗಳಲ್ಲೂ ಮಧುಮೇಹ, ಮೂಳೆ, ರಕ್ತನಾಳ ತಜ್ಞರು ಒಟ್ಟಿಗೆ ನೋಡುವ ವ್ಯವಸ್ಥೆ ಸಿಗುತ್ತದೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಡಿ ಯಾವುದಕ್ಕೆ ನೆರವು ದೊರೆಯುತ್ತದೆ ಎಂಬುದನ್ನು ಆಸ್ಪತ್ರೆಯ ಆರೋಗ್ಯಮಿತ್ರರನ್ನು ವಿಚಾರಿಸಿ. ನೋಂದಣಿಯ ಸಾಲಿನಲ್ಲಿ ತಂದೆಯವರನ್ನು ನಿಲ್ಲಿಸದೆ, ಬಾಗಿಲಲ್ಲೇ ಗಾಲಿಕುರ್ಚಿ ಕೇಳಿ ಕೂರಿಸಿ. ಹಳೆಯ ಎಕ್ಸ್‌ರೇ ಫಿಲ್ಮ್, ಕಳೆದ ಮೂರು ತಿಂಗಳ ಎಚ್‌ಬಿಎ1ಸಿ (ಸರಾಸರಿ ಸಕ್ಕರೆ ಮಟ್ಟದ ಪರೀಕ್ಷೆ) ಮತ್ತು ಕ್ರಿಯಾಟಿನಿನ್ ವರದಿ, ಕೊಟ್ಟ ಆಂಟಿಬಯಾಟಿಕ್‌ಗಳ ಚೀಟಿ ಇರಲಿ, ಊತ ಆರಂಭವಾದ ದಿನ ಫೋನಿನಲ್ಲಿ ತೆಗೆದ ಫೋಟೊ ಇದ್ದರೆ ಅದೂ ಇರಲಿ. ಅವರು ದಿನವೂ ಹಾಕುವ ಚಪ್ಪಲಿಯನ್ನು ಒಂದು ಕವರಿನಲ್ಲಿ ತೆಗೆದುಕೊಂಡು ಹೋಗಿ. ಅದರ ತಳ ಎಲ್ಲಿ ಸವೆದಿದೆ, ಒಳಗೆ ಹೆಬ್ಬೆರಳಿನ ಬುಡದ ಜಾಗದಲ್ಲಿ ಎಷ್ಟು ಆಳ ತಗ್ಗಿದೆ ಎಂಬುದರಿಂದ ಬಲಪಾದದ ಆಣಿಗೆ ಕಾರಣ ಅಲ್ಲಿಯೇ ಗೊತ್ತಾಗಬಹುದು, ಹೊಸ ಪಾದರಕ್ಷೆಯಲ್ಲಿ ಯಾವ ಜಾಗದ ಒತ್ತಡವನ್ನು ಇಳಿಸಬೇಕೆಂಬುದನ್ನೂ ಅದನ್ನು ನೋಡಿಯೇ ಗುರುತು ಹಾಕುತ್ತಾರೆ.